ಶಾಂಪೂ, ಲೋಷನ್, ತಂಪು ಪಾನೀಯ: ಇವುಗಳ ರಾಸಾಯನಿಕ ನಮ್ಮ ದೇಹಕ್ಕೆ ಎಷ್ಟು ಸೇರುತ್ತದೆ ಎಂದು ಲೆಕ್ಕ ಹಾಕುವುದು ಹೇಗೆ?

ಶಾಂಪೂವಿನಲ್ಲೂ ಮೈಗೆ ಹಚ್ಚುವ ಲೋಷನ್ನಿನಲ್ಲೂ ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕ ಶೇ 1ರಷ್ಟಿದ್ದರೆ ಎರಡರ ಅಪಾಯವೂ ಒಂದೇ ತಾನೇ ಎಂದು ಕೇಳಿದ್ದೀರಿ. ಅಲ್ಲ. ಇಂಥ ಲೆಕ್ಕ ಮಾಡುವುದೇ ನನ್ನ ಕೆಲಸವಾದ್ದರಿಂದ ಅಂಕಿ ಹಿಡಿದೇ ಹೇಳುತ್ತೇನೆ.

ಐರೋಪ್ಯ ಒಕ್ಕೂಟದ ಗ್ರಾಹಕ ಸುರಕ್ಷತಾ ವೈಜ್ಞಾನಿಕ ಸಮಿತಿ ಬಳಸುವ ಅಂದಾಜಿನಂತೆ ವಯಸ್ಕರು ದಿನಕ್ಕೆ 10.46 ಗ್ರಾಂ ಶಾಂಪೂ, 7.82 ಗ್ರಾಂ ಲೋಷನ್ ಬಳಸುತ್ತಾರೆ. ಬಳಕೆಯಲ್ಲಿ ಶಾಂಪೂವೇ ಮುಂದು. ಆದರೆ ಅದನ್ನು ತೊಳೆದುಬಿಡುತ್ತೇವೆ. ಮೈಮೇಲೆ ಉಳಿಯುವುದು ನೂರರಲ್ಲಿ ಒಂದು ಪಾಲು ಎಂದು ಹಿಡಿಯುತ್ತಾರೆ. ಹಾಗಾಗಿ ಶಾಂಪೂವಿನಿಂದ ಚರ್ಮದ ಮೇಲೆ ನಿಲ್ಲುವ ಫಿನಾಕ್ಸಿಎಥನಾಲ್ ಸುಮಾರು 1 ಮಿಲಿಗ್ರಾಂ, ಲೋಷನ್ನಿನಿಂದ 78 ಮಿಲಿಗ್ರಾಂ. ಚರ್ಮದ ಮೇಲಿದ್ದುದೆಲ್ಲ ರಕ್ತಕ್ಕೆ ಇಳಿಯುವುದಿಲ್ಲ. ಎಷ್ಟು ಇಳಿಯುತ್ತದೆ ಎಂಬುದಕ್ಕೆ ಸರಿಯಾದ ಪ್ರಯೋಗದ ಮಾಹಿತಿ ಇಲ್ಲದಿದ್ದರೆ ಅರ್ಧದಷ್ಟು ಎಂದು ಎಚ್ಚರಿಕೆಯಿಂದ ಊಹಿಸುತ್ತಾರೆ.

ಬಂದ ಮೊತ್ತವನ್ನು ದೇಹದ ತೂಕದಿಂದ ಭಾಗಿಸಬೇಕು. ಮಕ್ಕಳ ಲೆಕ್ಕ ಬೇರೆಯಾಗುವುದು ಇಲ್ಲೇ. ಒಂದು ಪಾನೀಯದ ಲೀಟರಿಗೆ 150 ಮಿಲಿಗ್ರಾಂ ಬೆಂಜೋಯಿಕ್ ಆಮ್ಲ ಎಂಬ ಸಂರಕ್ಷಕ ಇದೆ ಎಂದಿಟ್ಟುಕೊಳ್ಳಿ. ಅರ್ಧ ಲೀಟರ್ ಕುಡಿದ 60 ಕಿಲೋ ತೂಕದ ವಯಸ್ಕರಿಗೆ ಅದು ಕಿಲೋಗೆ 1.25 ಮಿಲಿಗ್ರಾಂ, 15 ಕಿಲೋ ತೂಕದ ಮಗುವಿಗೆ 5. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹೇಳಿದ ದೈನಂದಿನ ಮಿತಿಯೂ ಕಿಲೋಗೆ 5 ಮಿಲಿಗ್ರಾಮೇ. ಹಾಗೆಂದು ಮಿತಿ ಮುಟ್ಟಿದ ಕ್ಷಣ ಮಗು ಕಾಯಿಲೆ ಬೀಳುತ್ತದೆ ಎಂದಲ್ಲ. ಪ್ರಾಣಿಗಳಲ್ಲಿ ತೊಂದರೆ ಕಾಣದ ಪ್ರಮಾಣವನ್ನು ಸಾಮಾನ್ಯವಾಗಿ ನೂರರಿಂದ ಭಾಗಿಸಿ ಇಂಥ ಮಿತಿಯನ್ನು ಇಡುತ್ತಾರೆ. ಜೀವನಪರ್ಯಂತ ದಿನವೂ ಸೇವಿಸಿದರೂ ಸರಿ ಎನ್ನುವ ಮಟ್ಟ ಅದು. ಈ ಮಾತನ್ನು ಬಿಟ್ಟು ಬರೀ ಅಂಕಿಯನ್ನು ಹಂಚುವ ಭಯದ ಸಂದೇಶಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ದುರ್ಬಲವಾದ ಕೊಂಡಿ ಪ್ರಯೋಗಾಲಯವಲ್ಲ, ನಾವೇ. ಸಮೀಕ್ಷೆಯವರು ನಿನ್ನೆ ಏನು ತಿಂದಿರಿ ಎಂದು ಕೇಳಿದರೆ ಊಟ ನೆನಪಾಗುತ್ತದೆ, ನಡುವೆ ಬಾಯಾಡಿಸಿದ್ದು ಮರೆತುಹೋಗುತ್ತದೆ. ಸರಾಸರಿಯನ್ನು ನಂಬಿ ಕೂರುವಂತೆಯೂ ಇಲ್ಲ: ಒಂದು ಪದಾರ್ಥವನ್ನು ಹತ್ತರಲ್ಲಿ ಒಬ್ಬರು ಮಾತ್ರ ತಿನ್ನುವುದಾದರೆ, ಎಲ್ಲರ ಸರಾಸರಿ ಆ ಒಬ್ಬರ ಸೇವನೆಯ ಹತ್ತನೇ ಒಂದು ಪಾಲನ್ನಷ್ಟೇ ತೋರಿಸುತ್ತದೆ. ಅದಕ್ಕೇ ತಿನ್ನುವವರನ್ನು ಬೇರೆಯಾಗಿ ತೆಗೆದು, ಅವರಲ್ಲೂ ಅತಿ ಹೆಚ್ಚು ತಿನ್ನುವವರನ್ನು ನೋಡುತ್ತಾರೆ. ಕೆಲವು ವಸ್ತುಗಳಿಗೆ ಮೂತ್ರ ಪರೀಕ್ಷೆ ನೆರವಾಗುತ್ತದೆ. ಕೆಲವು ಪ್ಲಾಸ್ಟಿಕ್‌ಗಳಲ್ಲೂ ಆಹಾರದ ಡಬ್ಬಿಗಳ ಒಳಲೇಪನದಲ್ಲೂ ಇರಬಹುದಾದ ಬಿಸ್ಫಿನಾಲ್ ಎ ಎಂಬ ರಾಸಾಯನಿಕ ದೇಹದಿಂದ ಬೇಗ ಹೊರಹೋಗುವುದರಿಂದ ಇತ್ತೀಚೆಗೆ ಒಳಹೊಕ್ಕ ಒಟ್ಟು ಪ್ರಮಾಣದ ಸುಳಿವು ಸಿಗುತ್ತದೆ. ಆದರೆ ಅದು ಡಬ್ಬಿಯ ಆಹಾರದಿಂದ ಬಂದಿತೋ ಬೇರೆಡೆಯಿಂದ ಬಂದಿತೋ ಎಂದು ಮೂತ್ರ ಹೇಳುವುದಿಲ್ಲ.

ನಿಮ್ಮ ಸ್ವಂತ ಲೆಕ್ಕಕ್ಕೆ ಲೋಷನ್ ಬಾಟಲಿ ತೆರೆದ ಮತ್ತು ಮುಗಿದ ದಿನಾಂಕಗಳನ್ನು ಬರೆದಿಡಿ. ಒಳಗಿದ್ದ ಗ್ರಾಂಗಳನ್ನು ದಿನಗಳಿಂದ ಭಾಗಿಸಿದರೆ ನಿಮ್ಮ ದಿನಬಳಕೆ ಸಿಗುತ್ತದೆ. ಮನೆಮಂದಿಯೆಲ್ಲ ಅದನ್ನೇ ಹಚ್ಚಿಕೊಳ್ಳುತ್ತಿದ್ದರೆ ಮಾತ್ರ ಈ ಉಪಾಯ ಕೈಕೊಡುತ್ತದೆ.