ಆ ಕಾಗದದಲ್ಲಿ ‘ವಜಾ’ ಬೇಡ

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ಬಟ್ಟೆ ಅಂಗಡಿ, 14 ಜನ ಕೆಲಸಕ್ಕಿದ್ದಾರೆ. ವ್ಯಾಪಾರ ಇಳಿದಿದೆ. 12 ವರ್ಷದಿಂದ ಬಿಲ್ಲಿಂಗ್ ನೋಡುತ್ತಿರುವವರನ್ನು ಬಿಡಿಸಬೇಕಾಗಿದೆ. ಸಣ್ಣವಳಿದ್ದಾಗಿನಿಂದ ಅವರನ್ನು ‘ಅಣ್ಣ’ ಎಂದೇ ಕರೆದವಳು ನಾನು. ಅಪ್ಪ ‘ರಾಜೀನಾಮೆ ಬರೆಸಿಕೋ’ ಅನ್ನುತ್ತಾರೆ; ಲೆಕ್ಕದವರ ಕರಡಿನಲ್ಲಿ ‘ವಜಾ’ ಅಂತಿದೆ. ಏನು ಬರೆಯಲಿ, ಹೇಗೆ ಹೇಳಲಿ?

ಆ ಕರಡನ್ನು ಮೊದಲು ಹರಿದುಹಾಕಿ. ಅಂಗಡಿ ಲೆಕ್ಕದಲ್ಲಿ ವಜಾ ಅಂದರೆ ಬರೀ ಕಳೆಯುವುದು; ನೌಕರಿಯ ಕಾಗದದಲ್ಲಿ ಮಾತ್ರ ತಪ್ಪು ಮಾಡಿ ಶಿಕ್ಷೆಯಾಗಿ ಹೋದವರೆಂದೇ ಓದುತ್ತಾರೆ. ಸರ್ಕಾರಿ ಸೇವೆಯಲ್ಲಂತೂ ‘ತೆಗೆದುಹಾಕಿದೆ’ ಎಂದಿದ್ದರೆ ಮುಂದೆ ಸರ್ಕಾರಿ ಕೆಲಸಕ್ಕೆ ಅಡ್ಡಿಯಿಲ್ಲ, ‘ವಜಾ’ ಎಂದಿದ್ದರೆ ಸಾಮಾನ್ಯವಾಗಿ ಆ ಬಾಗಿಲು ಮುಚ್ಚಿತು. ‘ಅಮಾನತು’ ಆದರೆ ಕೆಲಸ ಹೋಗಿರುವುದೇ ಇಲ್ಲ. ‘ಲೇ ಆಫ್’ ಕೂಡ ಕಾನೂನಿನ ಪ್ರಕಾರ ತಾತ್ಕಾಲಿಕ, ಐಟಿಯವರು ಹೇಗೇ ಬಳಸಲಿ.

ಅಪ್ಪನ ಉಪಾಯ ಇನ್ನೂ ಕೆಟ್ಟದ್ದು. ತಾವಾಗಿ ಬಿಟ್ಟರೆಂದು ಕಾಗದವಾದರೆ ನೋಟಿಸ್ ಸಂಬಳ, ಪರಿಹಾರ ಎರಡೂ ಅವರ ಕೈತಪ್ಪುತ್ತವೆ. ಒತ್ತಾಯದಿಂದ ಬರೆಸಿದ್ದೆಂದು ಅವರು ಕಾರ್ಮಿಕ ಇಲಾಖೆಗೆ ಹೋದರೆ ನಿಮಗೂ ತಾಪತ್ರಯ.

‘ವ್ಯಾಪಾರ ಇಳಿಮುಖವಾಗಿ ಸಿಬ್ಬಂದಿ ಕಡಿತ ಅನಿವಾರ್ಯವಾದ್ದರಿಂದ ಈ ದಿನಾಂಕಕ್ಕೆ ನಿಮ್ಮ ಸೇವೆ ಕೊನೆಗೊಳ್ಳುತ್ತದೆ’ ಎಂದು ಬರೆದು ಕೆಳಗೆ ಮೊತ್ತಗಳನ್ನು ಕಾಣಿಸಿ. ಮೂಲವೇತನ, ತುಟ್ಟಿಭತ್ಯೆ ಸೇರಿ ಸಂಬಳ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಒಂದು ತಿಂಗಳ ನೋಟಿಸ್, ಇಲ್ಲವೇ ಅದರ ಬದಲು 18,000. ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ 1,08,000. ದೀರ್ಘ ಸೇವೆಗೆ ಕೊಡಬೇಕಾದ ಗ್ರಾಚುಟಿ ಬೇರೆ, ಅಲ್ಲಿ ತಿಂಗಳಿಗೆ 26 ದಿನದ ಲೆಕ್ಕ, ಹಾಗಾಗಿ 18,000 × 15 ÷ 26 × 12, ಅಂದರೆ 1,24,615. ಎರಡೂ ಒಂದೇ ಎಂದುಕೊಂಡು ಒಂದನ್ನಷ್ಟೇ ಕೊಟ್ಟು ಸಿಕ್ಕಿಬೀಳಬೇಡಿ. ಬಿಲ್ಲಿಂಗ್‌ನಲ್ಲೇ ಅವರಿಗಿಂತ ಹೊಸಬರಿದ್ದರೆ? ಕೊನೆಗೆ ಬಂದವರು ಮೊದಲು ಹೋಗಬೇಕೆಂಬುದು ನಿಯಮ. ಮೀರುವುದಾದರೆ ಕಾರಣ ಬರೆದಿಡಿ.

ಹೇಳುವಾಗ ಅಪ್ಪನೂ ಜೊತೆಗಿರಲಿ. ಕ್ಯಾಶ್ ಕೌಂಟರ್‌ನಲ್ಲಿ ಬೇಡ, ಶಟರ್ ಎಳೆದ ಮೇಲೆ ಕೂರಿಸಿ ಹೇಳಿ. ‘ಅಣ್ಣಾ, ವ್ಯಾಪಾರ ಇಲ್ಲ, ಮುಂದಿನ ತಿಂಗಳ ಕೊನೆಗೆ ನಿಮ್ಮ ಕೆಲಸ ನಿಲ್ಲಿಸಬೇಕಾಗಿದೆ’ ಎಂಬುದು ಮೊದಲ ಮಾತಿನಲ್ಲೇ ಬರಲಿ. ‘ಸ್ವಲ್ಪ ದಿನ ರೆಸ್ಟ್ ಮಾಡಿ’ ಅಂದರೆ ಅವರು ಸೋಮವಾರ ಮತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. ನಿಮ್ಮಿಬ್ಬರ ಮಾತು ತುಳುವಾದರೆ ತುಳುವಿನಲ್ಲೇ ಹೇಳಿ, ಕಾಗದ ಕನ್ನಡದಲ್ಲಿರಲಿ. ‘ಬೇಲೆಡ್ದ್ ದೆತ್ತೆರ್’ (ಕೆಲಸದಿಂದ ತೆಗೆದರು) ಎಂಬ ಸುದ್ದಿ ಪೇಟೆಗೆ ಮುಟ್ಟುವ ಮೊದಲು ಅನುಭವದ ಪತ್ರ ಅವರ ಕೈಯಲ್ಲಿರಬೇಕು.