ಕೋಚ್ ನಮ್ಮ ಜನದವನೇ ಆಗಬೇಕಾ?

ಪ್ರಶ್ನೆ: ಅಕ್ಕಾ, ದಾವಣಗೆರೆ ಮಂಡಿಪೇಟೆಯಲ್ಲಿ ನನ್ನ ಅಂಗಡಿ ಇದೆ. ಒಂದು ಕಬಡ್ಡಿ ಕ್ಲಬ್ಬಿಗೆ ಕಾರ್ಯದರ್ಶಿ ಕೂಡ. 14 ಹುಡುಗರಿದ್ದಾರೆ, ಅದರಲ್ಲಿ ನಮ್ಮ ಜಾತಿಯವರು ಮೂವರು. ಸಂಬಳ ಕೊಟ್ಟು ಕೋಚ್ ಇಡಬೇಕು. ಒಬ್ಬ ನಮ್ಮ ಜನದವನು, ಒಳ್ಳೇ ರೈಡರ್ ಆಗಿದ್ದ, ಕೋಚಿಂಗ್ ಮಾಡಿಲ್ಲ. ಇನ್ನೊಬ್ಬರು ಹೊಳಲ್ಕೆರೆ ಕಡೆಯವರು, ಬೇರೆ ಜನ, 9 ವರ್ಷದಿಂದ ಹುಡುಗರನ್ನು ತಯಾರು ಮಾಡ್ತಿದ್ದಾರೆ. ಕಮಿಟಿಯವರು 'ನಮ್ಮೋನಿಗೇ ಕೊಡಿ, ಅವರನ್ನ ಸುಮ್ನೆ ಕರೆದು ಕಳಿಸಿ' ಅಂತಾರೆ. ಅಮೆರಿಕದಲ್ಲೂ ಕಪ್ಪು ಕೋಚ್‌ಗಳಿಗೆ ಅಂತ ನಿಯಮ ಇದೆಯಲ್ಲ, ನಾವು ನಮ್ಮವರನ್ನು ನೋಡಿಕೊಂಡರೆ ತಪ್ಪೇನು?

ಉತ್ತರ: ಅಣ್ಣಾ, ಅಮೆರಿಕದ ಮಾತು ಮೊದಲು ಮುಗಿಸಿಬಿಡೋಣ. ಅದನ್ನು ನೀವು ತಲೆಕೆಳಗಾಗಿ ಹಿಡಿದಿದ್ದೀರಿ. ಅದು ರೂನಿ ರೂಲ್, ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ 2003ರಲ್ಲಿ ತಂದದ್ದು. ಆಟಗಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ, ಮುಖ್ಯ ಕೋಚ್ ಕುರ್ಚಿ ಮಾತ್ರ ಹೆಚ್ಚುಕಮ್ಮಿ ಬಿಳಿಯರಿಗೇ. ಮಾಲೀಕರು ತಮ್ಮಂಥವರನ್ನೇ ಆರಿಸಿಕೊಳ್ಳುತ್ತಿದ್ದರು, ಅದಕ್ಕೇ ಈ ನಿಯಮ. ಕೆಲಸ ಕೊಡಲೇಬೇಕು ಅಂತ ಅದು ಹೇಳುವುದಿಲ್ಲ, ಕಪ್ಪು ಜನರಂಥ ಅಲ್ಪಸಂಖ್ಯಾತರನ್ನು ಸಂದರ್ಶನಕ್ಕಾದರೂ ಕರೆಯಿರಿ ಅನ್ನುತ್ತದೆ. ನಿಮ್ಮ ಕಥೆಯಲ್ಲಿ ಆ ಮಾಲೀಕರ ಜಾಗದಲ್ಲಿ ಕೂತಿರೋದು ನೀವೇ ಅಲ್ವಾ?

ಸುಮ್ನೆ ಕರೆದು ಕಳಿಸುವ ದೂರೂ ಅಲ್ಲಿದೆ. 2022ರಲ್ಲಿ ಬ್ರಯಾನ್ ಫ್ಲೋರೆಸ್ ಅನ್ನೋ ಕಪ್ಪು ಕೋಚ್, ನ್ಯೂಯಾರ್ಕ್ ಜೈಂಟ್ಸ್ ತಂಡ ನನ್ನನ್ನು ಮಾತಾಡಿಸುವ ಮೊದಲೇ ಬೇರೆಯವರನ್ನು ಗೊತ್ತು ಮಾಡಿಕೊಂಡಿತ್ತು ಅಂತ ಕೋರ್ಟಿಗೆ ಹೋದರು. ತಂಡ ಅದನ್ನು ಒಪ್ಪಲಿಲ್ಲ. ಇನ್ನು ಆ ನಿಯಮಕ್ಕೆ ಯಾರ ಹೆಸರಿದೆಯೋ ಆ ಡ್ಯಾನ್ ರೂನಿಯವರ ಸ್ಟೀಲರ್ಸ್ ತಂಡ 2007ರಲ್ಲಿ 34 ವರ್ಷದ ಕಪ್ಪು ಕೋಚ್ ಮೈಕ್ ಟಾಮ್ಲಿನ್‌ಗೆ ಕೆಲಸ ಕೊಟ್ಟಿತು. ಎರಡನೇ ಸೀಸನ್‌ಗೇ ಸೂಪರ್ ಬೌಲ್, ಅಂದರೆ ಆ ಲೀಗಿನ ಫೈನಲ್, ಗೆದ್ದರು.

'ನಮ್ಮೋನು' ಅನ್ನೋದಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳಲ್ಲ. ಹುಡುಗ ಖಾಲಿ ಹೊಟ್ಟೆಯಲ್ಲಿ ಬಂದಿದ್ದಾನೆ ಅಂತ ಮುಖ ನೋಡಿದರೇ ಗೊತ್ತಾಗಬೇಕು, ಅಪ್ಪ ಯಾಕೆ ಪ್ರಾಕ್ಟೀಸಿಗೆ ಬಿಡಲ್ಲ ಅಂತಲೂ ತಿಳಿಯಬೇಕು. ಅದೂ ಕೋಚ್ ಕೆಲಸವೇ. ಆದರೆ ಮೂವರನ್ನು ಬಿಟ್ಟರೆ ಉಳಿದ 11 ಹುಡುಗರಿಗೆ ನಿಮ್ಮೋನು ಯಾರೋನು? ಅವನು ಕಮಿಟಿಗೆ ನಮ್ಮೋನು, ಮ್ಯಾಟಿಗಲ್ಲ.

ಇಬ್ಬರಿಗೂ ಎರಡೆರಡು ಬೆಳಿಗ್ಗೆ ಹುಡುಗರನ್ನು ಒಪ್ಪಿಸಿ. ನೀವು ದೂರ ನಿಂತು ನೋಡಿ. ಎರಡು ರೈಡ್ ಖಾಲಿ ಹೋಗಿ ಮೂರನೆಯದು ಡೂ ಆರ್ ಡೈ (ಪಾಯಿಂಟ್ ತರಲೇಬೇಕು, ಇಲ್ಲ ಔಟ್) ಬಂದಾಗ, ರೈಡರ್‌ನನ್ನು ಹಿಡಿಯೋಕೆ ನಿಂತ ಕಾರ್ನರ್, ಕವರ್ ಹುಡುಗರಿಗೆ ಏನು ಹೇಳ್ತಾರೆ? ಆಂಕಲ್ ಹೋಲ್ಡ್ (ರೈಡರ್‌ನ ಪಾದದ ಗಂಟು ಹಿಡಿಯೋದು) ತಪ್ಪಿದವನಿಗೆ 'ಲೇ ಕಣ್ಣಿಲ್ವಾ' ಅಂತಾರಾ, ಇಲ್ಲ ಪಕ್ಕದಲ್ಲಿ ಮಂಡಿಯೂರಿ ಕೈ ಎಲ್ಲಿಡಬೇಕು ಅಂತ ತೋರಿಸ್ತಾರಾ? ಒಳ್ಳೇ ರೈಡರ್ ಒಳ್ಳೇ ಕೋಚ್ ಆಗೇ ಆಗ್ತಾನೆ ಅಂತೇನಿಲ್ಲ. ನಿಮ್ಮೋನೂ ಅಲ್ಲಿ ಗೆದ್ದುಬಿಡಬಹುದು, ಗೆದ್ದರೆ ಕೊಡಿ. ಹಾಂ, ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಸರ್ಟಿಫಿಕೇಟ್ ತೋರಿಸಿದರೆ ಸರಿಯಾಗಿ ಓದಿ, ಪಟಿಯಾಲದ ಡಿಪ್ಲೊಮಾ ಬೇರೆ, 6 ವಾರದ ಕೋರ್ಸ್ ಬೇರೆ.

ಕಮಿಟಿಯವರು ಮುನಿಸಿಕೊಳ್ಳುತ್ತಾರೆ, ನಾಲ್ಕು ದಿನ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡು ಹೋಗಬಹುದು. ಅವರನ್ನೂ ಪ್ರಾಕ್ಟೀಸ್ ನೋಡೋಕೆ ಕರೀರಿ. ಇವತ್ತೇ ಹೊಳಲ್ಕೆರೆಯವರಿಗೆ ಫೋನ್ ಮಾಡಿ, ಇನ್ನೂ ಯಾರನ್ನೂ ಗೊತ್ತು ಮಾಡಿಲ್ಲ ಅಂತ ಹೇಳಿ. ಬಸ್ ಚಾರ್ಜ್ ನೀವೇ ಕೊಡಿ.