ಕಲಿಯೋಕೆ ಭಯ ಇರಲಿಲ್ಲ, ತಪ್ಪು ಕಾಣುತ್ತೆ ಅನ್ನೋ ಭಯ ಇತ್ತು

ಸಲಹೆ ಕೇಳಿ ನನ್ನೊಡನೆ ಮಾತಾಡಿದ ಒಬ್ಬರಿಗೆ 50 ದಾಟಿದೆ. ಲೆಕ್ಕಪತ್ರ ವಿಭಾಗದಲ್ಲಿ ಹಿರಿಯರು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಕಚೇರಿಯ ತರಬೇತಿಯೆಲ್ಲ ಕ್ಲೌಡ್ ಮೂಲಕ ಆನ್‌ಲೈನ್ ಆದಾಗಿನಿಂದ ಒಂದಲ್ಲ ಒಂದು ನೆಪ ಹೇಳಿ ಮುಂದೂಡುತ್ತಿದ್ದರು. "ಈ ವಯಸ್ಸಲ್ಲಿ ಇದೆಲ್ಲ ತಲೆಗೆ ಹತ್ತಲ್ಲ" ಎಂದರು.

ಆದರೆ ಫೋನಿನಲ್ಲಿ ಹಣ ಕಳಿಸುತ್ತಾರೆ, ವಿಡಿಯೋ ಕಾಲ್ ಮಾಡುತ್ತಾರೆ. ಹಾಗಾದರೆ ತೊಂದರೆ ಬೇರೆಲ್ಲೋ ಇದೆ ಅನ್ನಿಸಿತು. ನಿಧಾನವಾಗಿ ಕೇಳುತ್ತಾ ಹೋದಾಗ ಮಾತು ಹೊರಬಂತು: "ಕ್ವಿಜ್‌ನಲ್ಲಿ ಎಷ್ಟು ಸಲ ತಪ್ಪಿದೆ ಅಂತ ಮೇಲಿನವರಿಗೆ ಕಾಣುತ್ತೆ, ಅಲ್ವಾ?"

ಇದು ಸುಮ್ನೆ ಹುಟ್ಟಿದ ಅನುಮಾನ ಅಲ್ಲ. ಇಂಥ ವ್ಯವಸ್ಥೆಗಳಲ್ಲಿ ಲಾಗಿನ್ ಸಮಯ, ಪ್ರಯತ್ನಗಳು, ಅಂಕ ಎಲ್ಲವೂ ದಾಖಲಾಗಬಹುದು. ಅದು ಯಾರಿಗೆ ಕಾಣಬೇಕು ಎನ್ನುವುದನ್ನು ವ್ಯವಸ್ಥೆ ನೋಡಿಕೊಳ್ಳುವ ಅಡ್ಮಿನ್ ನಿರ್ಧರಿಸುತ್ತಾರೆ.

ಜನ ಹೊಸ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಎಂಬ ಪ್ರಶ್ನೆಗೆ 1989ರಲ್ಲಿ ಸಂಶೋಧಕ ಫ್ರೆಡ್ ಡೇವಿಸ್ ಎರಡು ಕಾರಣ ಕೊಟ್ಟರು: ಉಪಯೋಗವಿದೆ ಅನ್ನಿಸಬೇಕು, ಸುಲಭ ಅನ್ನಿಸಬೇಕು. ಅವರ ಅಧ್ಯಯನದಲ್ಲಿ ಜಾಸ್ತಿ ತೂಗಿದ್ದು ಉಪಯೋಗವೇ. 2003ರಲ್ಲಿ ಸಂಶೋಧಕ ವೆಂಕಟೇಶ್ ಮತ್ತು ಸಂಗಡಿಗರು ಸುತ್ತಲಿನವರ ಪ್ರಭಾವವನ್ನೂ ಕೈಗೆ ಸಿಗುವ ನೆರವನ್ನೂ ಲೆಕ್ಕಕ್ಕೆ ತಂದರು. ನಮ್ಮ ಈ ಲೆಕ್ಕಪತ್ರ ವಿಭಾಗದ ಹಿರಿಯರಿಗೆ ಸುಲಭ-ಕಷ್ಟದ ಚಿಂತೆ ಇರಲಿಲ್ಲ. ಸುತ್ತಲಿನವರ ಕಣ್ಣು ಕಾಡುತ್ತಿತ್ತು.

ಹಾಗಾಗಿ ಮೊದಲು ಹೇಳಿದ್ದು, ತರಬೇತಿ ವಿಭಾಗಕ್ಕೆ ಮೇಲ್ ಬರೆಯಿರಿ ಎಂದು. ನನ್ನ ಪ್ರಯತ್ನಗಳು ಯಾರಿಗೆ ಕಾಣುತ್ತವೆ? ಅಂಕ ಲೆಕ್ಕಕ್ಕೆ ಬಾರದ ಅಭ್ಯಾಸ ಕ್ವಿಜ್ ಇದೆಯೇ? ಇದನ್ನು ಕೇಳುವ ಹಕ್ಕು ಕಲಿಯುವವರಿಗೆ ಖಂಡಿತ ಇದೆ. ಎರಡನೆಯದು, ಸಾಧ್ಯವಾದರೆ ಮೊದಲ ಪಾಠದಿಂದಲೇ ಶುರು ಮಾಡಬೇಡಿ. ನಾಳೆಯ ಕೆಲಸಕ್ಕೆ ಬೇಕಾಗುವ ಪಾಠ ತೆಗೆಯಿರಿ.

ಸಹೋದ್ಯೋಗಿಯ ನೆರವಿನ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ಪಕ್ಕದಲ್ಲಿ ಕೂರುವವರು ಮೌಸ್ ಮುಟ್ಟಬಾರದು ಎಂದೆ. ಪ್ರೀತಿಯಿಂದಲೇ "ಕೊಡಿ, ನಾನು ಮಾಡ್ತೀನಿ" ಅನ್ನುತ್ತಾರೆ. ಕೆಲಸ ಮುಗಿಯುತ್ತದೆ, ಧೈರ್ಯ ಬರುವುದಿಲ್ಲ. ನನ್ನಿಂದ ಆಗುತ್ತೆ ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗುವುದು ಕೈಯಾರೆ ಮಾಡಿ ಗೆದ್ದಾಗ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು.

ತರಬೇತಿ ವಿಭಾಗದಿಂದ ಉತ್ತರ ಬಂತು: ಮೇಲಧಿಕಾರಿಗೆ ಕಾಣುವುದು ಕೋರ್ಸ್ ಮುಗಿಯಿತೇ, ಕೊನೆಯ ಅಂಕ ಎಷ್ಟು, ಇಷ್ಟೇ. ಆ ವಾರವೇ ಅವರು ಒಂದು ಪಾಠ ಮುಗಿಸಿದರು. ನೇರ ತರಗತಿಯಲ್ಲಿ ಕ್ಯಾಮೆರಾ ಆನ್ ಮಾಡಲು ಈಗಲೂ ಹಿಂಜರಿಯುತ್ತಾರೆ. ಸದ್ಯಕ್ಕೆ ರೆಕಾರ್ಡಿಂಗ್ ನೋಡಿ ಕಲಿಯಿರಿ, ಅದರಲ್ಲಿ ತಪ್ಪೇನೂ ಇಲ್ಲ ಎಂದಿದ್ದೇನೆ.